ಕ್ರ್ಯಾಂಕ್ ಬೆಂಡ್ ಆಗಿದೆ ಅನ್ನುವ ಮೊದಲು

ಮಲೆನಾಡಿನಲ್ಲಿ ಜೀಪಿನ ಎಂಜಿನ್ ಬಿಚ್ಚುವುದು ಹೆಚ್ಚಾಗಿ ಮಳೆಗಾಲದಲ್ಲೇ. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಗಾಡಿ ಓಡಬೇಕು, ಅಲ್ಲಿಯವರೆಗೆ ಯಾರಿಗೂ ಅವಸರ ಇಲ್ಲ. ಲೈನರ್ ಸಿಗಲಿಲ್ಲ, ಪಿಸ್ಟನ್ ಬರಲಿಲ್ಲ, ದುಡ್ಡು ಹೊಂದಲಿಲ್ಲ ಅಂತ ಕೆಲಸ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬಿಚ್ಚಿದ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡ) ನನ್ನ ಶೆಡ್ಡಿನಲ್ಲೇ ಮಳೆಗಾಲ ಕಳೆಯುತ್ತದೆ. ಜಾಸ್ತಿ ಬರುವುದು ಮಹೀಂದ್ರಾ ಎಂಎಂ 540 ಜೀಪಿನ ಪ್ಯೂಜೋ ಎಕ್ಸ್‌ಡಿಪಿ 4.90 ಎಂಜಿನ್. 2112 ಸಿಸಿ, ನಾಲ್ಕು ಸಿಲಿಂಡರ್, ಕ್ರ್ಯಾಂಕ್ ಕೂತು ತಿರುಗುವ ಐದು ಮೇನ್ ಬೇರಿಂಗ್. ಇಲ್ಲಿ ಬರೆಯುವುದೆಲ್ಲ ಆ ಕ್ರ್ಯಾಂಕನ್ನೇ ಕಣ್ಮುಂದೆ ಇಟ್ಟುಕೊಂಡು.

ಕ್ರ್ಯಾಂಕನ್ನು ಮಲಗಿಸಿಟ್ಟರೆ ತನ್ನ ಭಾರಕ್ಕೇ ಬಾಗಿಬಿಡುತ್ತದೆ, ನಿಲ್ಲಿಸಿಯೇ ಇಡಬೇಕು ಎನ್ನುವುದು ಎಲ್ಲ ಮೆಕ್ಯಾನಿಕ್‌ಗಳ ಬಾಯಲ್ಲೂ ಇರುವ ಮಾತು. ನಾನೂ ನಿಲ್ಲಿಸಿಯೇ ಇಡುತ್ತೇನೆ. ಆದರೆ ಕಾರಣ ಅದಲ್ಲ. ಇಷ್ಟು ಗಿಡ್ಡ, ದಪ್ಪ ಕ್ರ್ಯಾಂಕ್ ಮಾಮೂಲಿ ಬಿಸಿಯಲ್ಲಿ ಕೆಲವು ತಿಂಗಳು ಮಲಗಿದ್ದಕ್ಕೆ ಕಾಯಂ ಆಗಿ ಬಾಗುವುದಿಲ್ಲ. ನೆಲದಲ್ಲಿ ಮಲಗಿದ ಕ್ರ್ಯಾಂಕ್ ಮೇಲೆ ಯಾರೋ ಗೇರ್‌ಬಾಕ್ಸ್ ಇಳಿಸುತ್ತಾರೆ, ಯಾರೋ ಎಡವುತ್ತಾರೆ. ಅದೇ ಭಯ. ಇನ್ನು ಗೋಡೆಗೆ ಓರೆಯಾಗಿ ಒರಗಿಸಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಇವತ್ತಲ್ಲ ನಾಳೆ ಬೀಳುತ್ತದೆ.

ನಾನು ಮಾಡುವುದು ಇಷ್ಟೇ: ಅದೇ ಎಂಜಿನ್‌ನ ಫ್ಲೈವೀಲನ್ನು ಕ್ರ್ಯಾಂಕ್‌ಗೆ ಬೋಲ್ಟ್ ಮಾಡಿ, ಫ್ಲೈವೀಲ್ ಕೆಳಗೆ ಬರುವಂತೆ ಮೂಲೆಯಲ್ಲಿ ನಿಲ್ಲಿಸುತ್ತೇನೆ. ಅಗಲವಾದ ತಳ ಸಿಕ್ಕಿದ ಹಾಗಾಯಿತು. ಮೇಲ್ತುದಿಗೆ ಒಂದು ಹಗ್ಗ ಕಟ್ಟಿ ಗೋಡೆಯ ಮೊಳೆಗೆ ಬಿಗಿದರೆ ಮುಗಿಯಿತು.

ನಮ್ಮ ಕಡೆ ನಿಜವಾದ ಶತ್ರು ತುಕ್ಕು. ನಿಲ್ಲಿಸಿದ ಕ್ರ್ಯಾಂಕ್‌ಗೆ ಬರೀ ಎಂಜಿನ್ ಆಯಿಲ್ ಸವರಿದರೆ ಅದು ಇಳಿದು ಕೆಳಗೆ ಸೇರುತ್ತದೆ, ಮೇಲಿನ ಜರ್ನಲ್ (ಬೇರಿಂಗ್ ಒಳಗೆ ತಿರುಗುವ ನುಣುಪು ಭಾಗ) ಒಣಗುತ್ತದೆ. ಅದಕ್ಕೇ ಜರ್ನಲ್‌ಗಳಿಗೆಲ್ಲ ತೆಳ್ಳಗೆ ಗ್ರೀಸ್ ಹಚ್ಚುತ್ತೇನೆ. ಅದಕ್ಕೂ ಮೊದಲು ಡೀಸೆಲ್‌ನಲ್ಲಿ ತೊಳೆದು ಒರೆಸಿರಬೇಕು. ಬೆವರಿದ ಕೈಯಲ್ಲಿ ಮುಟ್ಟಿ ಹಾಗೇ ಬಿಟ್ಟರೆ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. ಗೋಣಿಚೀಲ, ನ್ಯೂಸ್‌ಪೇಪರ್ ಸುತ್ತಲೇಬೇಡಿ, ಎರಡೂ ತೇವ ಎಳೆಯುತ್ತವೆ. ಪ್ಲಾಸ್ಟಿಕ್ ಹೊದಿಸಿದರೆ ಕೆಳಗಡೆ ತೆರೆದಿರಲಿ, ಇಲ್ಲದಿದ್ದರೆ ಒಳಗೇ ನೀರು ಬೆವರುತ್ತದೆ. ಆಯಿಲ್ ತೂತುಗಳಿಗೆ ಮಾತ್ರ ಟೇಪ್ ಅಂಟಿಸಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತುಗಳೆಂದರೆ ಬಹಳ ಇಷ್ಟ! ಒಳಗೆ ಉಳಿದ ಮಣ್ಣು ಹೊಸ ಬೇರಿಂಗ್ ಶೆಲ್ಲನ್ನು (ಬೇರಿಂಗ್‌ನ ಅರ್ಧ ಬಳೆಯಂಥ ತೆಳು ತುಂಡು) ಮೊದಲ ಸ್ಟಾರ್ಟ್‌ನಲ್ಲೇ ಗೀರಿಬಿಡುತ್ತದೆ.

ಇನ್ನು ಬೆಂಡ್ ನೋಡುವ ವಿಷಯ. ಸರ್ಫೇಸ್ ಪ್ಲೇಟ್ (ಪೂರ್ತಿ ಮಟ್ಟಸವಾದ ಅಳತೆ ಹಲಗೆ), ದಂಡ ಕೂರಿಸಲು ಒಳ್ಳೆಯ ವಿ ಬ್ಲಾಕ್ ಜೋಡಿ ಇದ್ದವರು ಅದರಲ್ಲೇ ನೋಡಲಿ. ನನ್ನ ಹತ್ತಿರ ಅವಿಲ್ಲ. ಎಂಜಿನ್ ಬ್ಲಾಕನ್ನೇ ಬಳಸುತ್ತೇನೆ. ಬ್ಲಾಕನ್ನು ತಲೆಕೆಳಗಾಗಿ ಇಟ್ಟು, 1 ಮತ್ತು 5ನೇ ಮೇನ್‌ಗೆ ಮಾತ್ರ ಬ್ಲಾಕ್ ಕಡೆಯ ಶೆಲ್ ಕೂರಿಸುತ್ತೇನೆ. 2, 3, 4ರಲ್ಲಿ ಶೆಲ್ ಇರಬಾರದು. ಹಿಂದಿನ ಸೀಲ್ ಹಗ್ಗದ್ದಾಗಿದ್ದರೆ ಅದನ್ನೂ ತೆಗೆಯಬೇಕು. ಎಣ್ಣೆ ಬಿಟ್ಟು ಕ್ರ್ಯಾಂಕ್ ಇಳಿಸಿದರೆ ಎರಡು ತುದಿಯ ಮೇಲೆ ಮಾತ್ರ ಕೂರುತ್ತದೆ, ನಡುವೆ ಎಲ್ಲೂ ತಾಗುವುದಿಲ್ಲ. ಬೇರಿಂಗನ್ನು ಮೇಲಿನಿಂದ ಮುಚ್ಚುವ ಕ್ಯಾಪ್ ಹಾಕುವುದು ಬೇಡ. ಶೆಲ್ ಹಳೆಯದಾದರೂ ಪರವಾಗಿಲ್ಲ. ಅದು ತಿರುಗುವುದಿಲ್ಲ, ಹಾಗಾಗಿ ಅದರ ಸವೆತ ರೀಡಿಂಗ್‌ಗೆ ಸೇರುವುದಿಲ್ಲ.

ಡಯಲ್ ಗೇಜಿನ (ಕಡ್ಡಿ ಒತ್ತಿದಷ್ಟು ಮುಳ್ಳು ಓಡಿ ಅಳತೆ ತೋರಿಸುವ ಮೀಟರ್) ಮ್ಯಾಗ್ನೆಟ್ ಬುಡವನ್ನು ಆಯಿಲ್ ನಿಲ್ಲುವ ಸಂಪ್ ಕೂರುವ ಮಟ್ಟಸ ಜಾಗದಲ್ಲಿ ಇಡುತ್ತೇನೆ. ಕಡ್ಡಿ 3ನೇ ಜರ್ನಲ್ ಮೇಲೆ, ಆಯಿಲ್ ತೂತಿನ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಕೂರಬೇಕು. ಮುಳ್ಳು ಒಂದು ಸುತ್ತು ಒತ್ತಿರಲಿ, ಆಮೇಲೆ ಸೊನ್ನೆ ಮಾಡಿ. ಕ್ರ್ಯಾಂಕನ್ನು ನಿಧಾನ ತಿರುಗಿಸಬೇಕು, ಮೇಲಕ್ಕೆ ಎತ್ತಬಾರದು. ಒಂದು ಸುತ್ತು ಮುಗಿದ ಮೇಲೆ ಮುಳ್ಳು ಸೊನ್ನೆಗೇ ವಾಪಸ್ ಬರಬೇಕು. ಬರದಿದ್ದರೆ ಸ್ಟ್ಯಾಂಡ್ ಅಲ್ಲಾಡಿದೆ, ಆ ರೀಡಿಂಗ್ ಮರೆತುಬಿಡಿ.

ಇಲ್ಲಿಂದ ಮುಂದೆ ಅವಸರ ಮಾಡುವವರೇ ಜಾಸ್ತಿ. ಮುಳ್ಳು ಆಡಿತು ಅಂದರೆ ಬೆಂಡ್ ಅಂತ ತೀರ್ಮಾನ. ಆದರೆ ಓವಲ್ ಆದ ಜರ್ನಲ್ ಕೂಡ ಮುಳ್ಳನ್ನು ಆಡಿಸುತ್ತದೆ. ಎಷ್ಟು ಆಡಿತು ಅನ್ನುವಷ್ಟೇ ಮುಖ್ಯ, ಹೇಗೆ ಆಡಿತು ಅನ್ನುವುದು. ಬೆಂಡ್ ಇದ್ದರೆ ಒಂದು ಸುತ್ತಿಗೆ ಒಮ್ಮೆ ಮೇಲೆ, ಎದುರು ಬದಿಯಲ್ಲಿ ಒಮ್ಮೆ ಕೆಳಗೆ. ಓವಲ್ ಇದ್ದರೆ ಒಂದೇ ಸುತ್ತಿಗೆ ಎರಡು ಸಲ ಮೇಲೆ, ಎರಡು ಸಲ ಕೆಳಗೆ. ನಾನು ಅತಿ ಮೇಲಿನ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, 2 ಮತ್ತು 4ನ್ನೂ ನೋಡುತ್ತೇನೆ. ಸಲೀಸಾಗಿ ಬಾಗಿದ ಕ್ರ್ಯಾಂಕ್‌ನಲ್ಲಿ ಮೂರೂ ಗುರುತು ಒಂದೇ ಬದಿಗೆ ಬರುತ್ತವೆ, 3ರಲ್ಲಿ ಹೆಚ್ಚು, ಆಚೀಚೆ ಕಮ್ಮಿ. 3 ಮಾತ್ರ ಆಡಿ, 2 ಮತ್ತು 4 ಸುಮ್ಮನಿದ್ದರೆ ಆ ಜರ್ನಲ್ ಮೇಲೇ ಮೈಕ್ರೋಮೀಟರ್ ಇಡಿ. 1 ಮತ್ತು 5ನ್ನೂ ಅಳೆಯಬೇಕು, ಯಾಕೆಂದರೆ ಕ್ರ್ಯಾಂಕ್ ಕೂತಿರುವುದೇ ಅವುಗಳ ಮೇಲೆ.

ಇನ್ನೊಂದು ಗೊಂದಲ: ಮುಳ್ಳಿನ ಪೂರ್ತಿ ಓಡಾಟ 0.06 ಮಿಮೀ ಇದ್ದರೆ ಕ್ರ್ಯಾಂಕ್ ಬಾಗಿರುವುದು ಅದರ ಅರ್ಧ, 0.03. ಯಾವುದನ್ನು ಹೇಳುತ್ತಿದ್ದೀರಿ ಅಂತ ಮೊದಲೇ ಸ್ಪಷ್ಟವಿರಲಿ. ಈ ಗಾತ್ರದ ಕ್ರ್ಯಾಂಕ್‌ಗೆ ಪೂರ್ತಿ ಓಡಾಟ 0.05ರ ಒಳಗಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಮ್ಯಾನುಯಲ್ ಕೈಯಲ್ಲಿದ್ದರೆ ಅದರ ಮಾತೇ ಕೊನೆ.

ಒಮ್ಮೆ ಗ್ರೈಂಡಿಂಗ್‌ಗೆ ಕಳಿಸಿದ ಕ್ರ್ಯಾಂಕ್ 0.12 ಔಟ್ ಇದೆ, ಪ್ರೆಸ್‌ನಲ್ಲಿ ಹಾಕಿ ನೇರ ಮಾಡಬೇಕು ಅಂತ ಫೋನ್ ಬಂತು. ಮುಟ್ಟಬೇಡಿ ಅಂದು ವಾಪಸ್ ತರಿಸಿದೆ. ಬ್ಲಾಕ್‌ನಲ್ಲಿ ಇಟ್ಟು ನೋಡಿದರೆ 0.03! ಅಲ್ಲಿ ಅವರು ಅಳೆದದ್ದು ಲೇತ್‌ನ ಎರಡು ಸೆಂಟರ್ ನಡುವೆ, ಅಂದರೆ ಕ್ರ್ಯಾಂಕ್ ತುದಿಯ ತೂತುಗಳಿಗೆ ಕೂರುವ ಚೂಪು ಮೊನೆಗಳ ನಡುವೆ. ಕ್ರ್ಯಾಂಕ್‌ನ ಮುಂದಿನ ಸೆಂಟರ್ ತೂತಿನ ಅಂಚು ಸುತ್ತಿಗೆ ಪೆಟ್ಟಿಗೆ ನಜ್ಜಾಗಿತ್ತು, ಪುಲ್ಲಿ ಬಿಚ್ಚುವಾಗ ಯಾರೋ ಹೊಡೆದದ್ದು. ಸೆಂಟರ್ ಸರಿಯಾಗಿ ಕೂರದಿದ್ದರೆ ನೇರ ಕ್ರ್ಯಾಂಕೂ ಕುಣಿಯುತ್ತದೆ, ಅಲ್ವಾ?

ನಿಜವಾಗಿ ಬೆಂಡ್ ಇದ್ದರೆ ಎರಡು ದಾರಿ. ಸ್ವಲ್ಪವೇ ಇದ್ದರೆ 0.25 ಮಿಮೀ ಅಂಡರ್‌ಸೈಜ್‌ಗೆ (ಅಷ್ಟು ಸಣ್ಣದಾಗಿ) ಗ್ರೈಂಡ್ ಮಾಡುವಾಗ ಮೇನ್‌ಗಳು ನೇರವಾಗುತ್ತವೆ. ಆದರೆ ಫ್ಲೈವೀಲ್ ಕೂರುವ ಮುಖ, ಸೀಲ್ ಓಡುವ ಜಾಗ ಮೊದಲಿನ ಹಾಗೇ ಇರುತ್ತವೆ, ಅವಕ್ಕೂ ಡಯಲ್ ಹಿಡಿಯಬೇಕು. ಜಾಸ್ತಿ ಇದ್ದರೆ ಪ್ರೆಸ್. ಮೇಲ್ಮೈ ಗಟ್ಟಿ ಮಾಡಿದ ಕ್ರ್ಯಾಂಕ್ ಪ್ರೆಸ್‌ನಲ್ಲಿ ಜರ್ನಲ್ ಮೂಲೆಯಲ್ಲಿ ಬಿರುಕು ಬಿಡಬಹುದು. ಪ್ರೆಸ್ ಮಾಡಿದ ಮೇಲೆ ಮ್ಯಾಗ್ನೆಟ್ ಕ್ರ್ಯಾಕ್ ಟೆಸ್ಟ್ ಮಾಡಿಸದೆ ನಾನಂತೂ ಎಂಜಿನ್‌ಗೆ ಹಾಕುವುದಿಲ್ಲ. ನೇತು ಹಾಕಿ ಸುತ್ತಿಗೆಯಲ್ಲಿ ತಟ್ಟಿ ಗಂಟೆಯ ಸದ್ದು ಕೇಳುವ ಪದ್ಧತಿ ಇದೆ. ದೊಡ್ಡ ಬಿರುಕಿಗೆ ಸರಿ, ಸಣ್ಣದು ಅದರಲ್ಲಿ ತಪ್ಪಿಹೋಗುತ್ತದೆ.

ಗ್ರೈಂಡಿಂಗ್‌ನಿಂದ ಬಂದ ಮೇಲೂ ಅದೇ ಬ್ಲಾಕ್, ಅದೇ ಡಯಲ್. ಹಾಸನದಿಂದ ಪಿಕಪ್‌ನಲ್ಲಿ ಬರುವಾಗ ಜ್ಯಾಕ್ ಪಕ್ಕದಲ್ಲಿ ಉರುಳಾಡಿದೆಯೋ ಇಲ್ಲವೋ ಯಾರಿಗೆ ಗೊತ್ತು? ರೀಡಿಂಗ್ ಸರಿಯಿದ್ದರೆ ಆಯಿಲ್ ತೂತುಗಳನ್ನು ತೆಳು ಬ್ರಷ್ ಹಾಕಿ ಮತ್ತೊಮ್ಮೆ ತೊಳೆಯುತ್ತೇನೆ, ಗ್ರೈಂಡಿಂಗ್ ಪುಡಿ ಅಲ್ಲೇ ಕೂತಿರುತ್ತದೆ. ನಂತರ ಎಲ್ಲ ಹೊಸ ಶೆಲ್ ಹಾಕಿ, ನಡುವಿನ ಕ್ಯಾಪ್‌ನಿಂದ ಶುರುಮಾಡಿ ಒಂದೊಂದೇ ಟೈಟ್ ಮಾಡುತ್ತೇನೆ. ಪ್ರತಿ ಕ್ಯಾಪ್ ಆದ ಮೇಲೂ ಕೈಯಲ್ಲಿ ಒಂದು ಸುತ್ತು. ಯಾವ ಕ್ಯಾಪ್ ಬಿಗಿದಾಗ ಕ್ರ್ಯಾಂಕ್ ಹಿಡಿಯಿತೋ ಅದನ್ನು ಬಿಚ್ಚಿ ಅಲ್ಲಿಂದಲೇ ಹುಡುಕಲು ಶುರು ಮಾಡುತ್ತೇನೆ.