ತುಡಿತ ಎದ್ದ ಆ ಅರ್ಧ ಗಂಟೆ

ಕುಡಿತ ಬಿಟ್ಟು ಮೂರು ವಾರವಾದವರಿಗೆ ಬೆಳಗಿನ ಹೊತ್ತು ಹೇಗೋ ಕಳೆಯುತ್ತದೆ. ಸಂಜೆ ಆರೂವರೆಗೆ ಕೆಲಸ ಮುಗಿಸಿ ಬೈಕ್ ಹತ್ತಿದಾಗ ಗಂಟಲು ಒಣಗುತ್ತದೆ, ಗಾಡಿ ತಾನಾಗಿ ಹಳೇ ಅಂಗಡಿ ಕಡೆ ತಿರುಗುತ್ತದೆ. ಈ ತುಡಿತ ಸಾಮಾನ್ಯವಾಗಿ 20–30 ನಿಮಿಷದಲ್ಲಿ ಏರಿ ಇಳಿಯುತ್ತದೆ. ಆದರೆ ವರ್ಷಗಟ್ಟಲೆ ಕುಡಿದವರು ಅದು ಇಳಿಯುವುದನ್ನು ನೋಡಿಯೇ ಇರುವುದಿಲ್ಲ, ಏರುವಾಗಲೇ ಒಂದು ಕ್ವಾರ್ಟರ್ ಮುಗಿದಿರುತ್ತದೆ. ಮೈಂಡ್‌ಫುಲ್‌ನೆಸ್ ಎಂದು ಕರೆಯುವ ಸಾವಧಾನದ ಅಭ್ಯಾಸ ಕಲಿಸುವುದು ಇಷ್ಟನ್ನೇ: ಆ ಇಳಿತ ಕಾಣುವವರೆಗೆ ಕೂತಿರುವುದನ್ನು.

ಮೊದಲು ಆಸ್ಪತ್ರೆ, ಆಮೇಲೆ ಉಸಿರು

ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು ಶುರುವಾದರೆ ಜೀವಕ್ಕೇ ಅಪಾಯ. ಇದಕ್ಕೆ ಧ್ಯಾನ ಮದ್ದಲ್ಲ. ಮೈಸೂರಿನವರು ಕೆ.ಆರ್. ಆಸ್ಪತ್ರೆಯ, ಮಂಡ್ಯದವರು ಮಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್ ಬಂದಾಗ ಮಾತ್ರ ಫೋನಿನಲ್ಲಿ ಕೇಳುತ್ತ ಕೂರಬೇಡಿ, 108 ಕರೆಸಿ.

ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿ ಅಲನ್ ಮಾರ್ಲೆಟ್ ಮತ್ತು ಸಂಗಡಿಗರು ರೂಪಿಸಿದ 8 ವಾರದ ಸಾವಧಾನದ ಕ್ರಮವನ್ನು ಸಂಶೋಧಕರು 286 ಮಂದಿಯ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ಕೊನೆಗೆ ಸಾವಧಾನ ಕಲಿತವರ ಕುಡಿತ, ಮಾದಕ ಸೇವನೆಯ ದಿನಗಳು ಉಳಿದವರಿಗಿಂತ ಕಡಿಮೆಯಿದ್ದವು. ಅವರೆಲ್ಲ ಮೊದಲ ಹಂತದ ಚಿಕಿತ್ಸೆ ಮುಗಿಸಿ ಬಂದವರು ಎಂಬುದನ್ನು ಮರೆಯಬಾರದು.

ದಿನದ ಅಭ್ಯಾಸ

ತುಡಿತವಿಲ್ಲದ ಹೊತ್ತಿನಲ್ಲಿ ಕಲಿಯಬೇಕು. ಈಜು ಕಲಿಯುವುದು ನಾಲೆಗೆ ಬಿದ್ದ ಮೇಲಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಕುರ್ಚಿಯಲ್ಲೋ ಚಾಪೆಯ ಮೇಲೋ ಬೆನ್ನು ನೆಟ್ಟಗಿಟ್ಟು ಕೂರಿ. ಮೊದಲ ವಾರ 5 ನಿಮಿಷ, ಎರಡನೇ ವಾರ 10, ತಿಂಗಳ ಹೊತ್ತಿಗೆ 20. ಉಸಿರು ಬಿಡುವಾಗ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ಮೂರಕ್ಕೇ ಮನಸ್ಸು ಸಾಲದ ಕಂತಿನ ಕಡೆ ಓಡುತ್ತದೆ. ಓಡಿದ್ದು ಗೊತ್ತಾಯಿತಲ್ಲ, ಅದೇ ಅಭ್ಯಾಸ. ಬೈದುಕೊಳ್ಳದೆ ಒಂದರಿಂದ ಶುರು ಮಾಡಿ. ‘ನನ್ನ ಮನಸ್ಸು ನಿಲ್ಲೋದೇ ಇಲ್ಲ’ ಎಂದು ನಾಲ್ಕನೇ ದಿನ ಬಿಡುವವರೇ ಹೆಚ್ಚು. ಮನಸ್ಸು ನಿಲ್ಲಿಸಿ ಎಂದು ಯಾರೂ ಕೇಳಿಲ್ಲ!

ಮುದ್ದೆ ಉಂಡ ಕೂಡಲೇ ಕೂತರೆ ತೂಕಡಿಕೆ ಖಂಡಿತ. ಕಣ್ಣು ಮುಚ್ಚಿದರೆ ಹಳೆಯ ಭಯ, ಕೆಟ್ಟ ನೆನಪು ಮುತ್ತುವವರು ಕಣ್ಣು ತೆರೆದು ನೆಲ ನೋಡುತ್ತ ಕೂರಲಿ. ಕೂರಲಾಗದಷ್ಟು ಚಡಪಡಿಕೆ ಇದ್ದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಊರಿನ ನಾಲೆ ಏರಿಯ ಮೇಲೋ ನಡೆಯಿರಿ, ಗಮನ ಅಂಗಾಲಿನಲ್ಲಿರಲಿ, ಫೋನ್ ಮನೆಯಲ್ಲಿರಲಿ.

ತುಡಿತ ಎದ್ದಾಗ

ಮೊದಲು ಜಾಗ ಬದಲಿಸಿ. ಬಾರ್ ಎದುರು ನಿಂತು ಉಸಿರು ಎಣಿಸುವುದು ಶೌರ್ಯವಲ್ಲ, ತಪ್ಪು ಲೆಕ್ಕ. ಗಾಡಿ ಪಕ್ಕಕ್ಕೆ ಹಾಕಿ ಇಳಿದು ಎಲ್ಲಾದರೂ ಕೂತು ಗಡಿಯಾರ ನೋಡಿಕೊಳ್ಳಿ. ಆಮೇಲೆ ಕೇಳಿಕೊಳ್ಳಿ: ಇದು ಮೈಯಲ್ಲಿ ಎಲ್ಲಿದೆ? ಗಂಟಲಲ್ಲೇ, ಎದೆಯಲ್ಲೇ, ಹೊಟ್ಟೆಯಲ್ಲೇ? ಬಿಸಿಯೋ ಬಿಗಿತವೋ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ. ಮೂರು ನಿಮಿಷ ಉಸಿರಿನೊಂದಿಗಿದ್ದು ಮತ್ತೆ ಅಂಕ ಕೊಡಿ, ಚೀಟಿಯಲ್ಲಿ ಬರೆದಿಡಿ. 6, 8, 9, 9, 7, 4 ಎಂದು ಸಾಗಿದ ಒಂದು ಚೀಟಿ ಜೇಬಿನಲ್ಲಿದ್ದರೆ ಮುಂದಿನ ಸಲ ಒಂಬತ್ತಕ್ಕೆ ಅಷ್ಟು ಹೆದರಿಕೆಯಾಗುವುದಿಲ್ಲ.

ಮಾರ್ಲೆಟ್ ಇದನ್ನು ಸಮುದ್ರದ ಅಲೆಯ ಮೇಲೆ ಜಾರುವುದಕ್ಕೆ ಹೋಲಿಸಿದರು. ಮಂಡ್ಯದವರಿಗೆ ಆಲೆಮನೆಯ ಕೊಪ್ಪರಿಗೆ ಸಾಕು. ನೊರೆ ಉಕ್ಕಿ ಅಂಚಿಗೆ ಬಂದಾಗ ಒಲೆಗೆ ಇನ್ನಷ್ಟು ಸಿಪ್ಪೆ ತುರುಕಬಾರದು, ಅಷ್ಟೇ. ‘ಒಂದೇ ನೈಂಟಿ, ಇವತ್ತೊಂದಿನ’ ಎಂಬ ಯೋಚನೆಯೇ ಆ ಸಿಪ್ಪೆ. ಅದರ ಜೊತೆ ವಾದಕ್ಕೆ ಇಳಿಯಬೇಡಿ, ‘ಚೌಕಾಸಿ ಬಂತು’ ಎಂದು ಹೆಸರಿಟ್ಟು ಉಸಿರಿಗೆ ಮರಳಿ. ಅರ್ಧ ಗಂಟೆಯಾದರೂ ಅಂಕ ಇಳಿಯದಿದ್ದರೆ ಒಬ್ಬರೇ ಕೂರಬೇಡಿ, ನಂಬಿದವರಿಗೆ ಫೋನ್ ಮಾಡಿ.

ಚೀಟಿಯಲ್ಲಿ ಹಸಿವು, ಕೋಪ, ಒಂಟಿತನ, ದಣಿವು ಇವುಗಳಲ್ಲಿ ಯಾವುದಿತ್ತು ಎಂದೂ ಗುರುತಿಸಿ. ಎರಡು ವಾರದಲ್ಲಿ ನಿಮ್ಮ ತುಡಿತದ ವೇಳಾಪಟ್ಟಿ ಸಿಗುತ್ತದೆ. ಸಂಜೆ ಐದೂವರೆಗೆ ಒಂದು ಹಿಡಿ ಕಡಲೆಪುರಿ, ಮಜ್ಜಿಗೆ ಹೊಟ್ಟೆಗೆ ಬಿದ್ದರೇ ಕೆಲವರ ಅಂಕ ಎರಡು ಇಳಿದಿರುತ್ತದೆ. ಕಬ್ಬಿನ ದುಡ್ಡು ಖಾತೆಗೆ ಬಿದ್ದ ದಿನ, ಬೀಗರ ಊಟ, ಮಾರಿಹಬ್ಬ ಇವಕ್ಕೆ ಮೊದಲೇ ಯಾರ ಜೊತೆ ಹೋಗುವುದು, ಎಷ್ಟು ಹೊತ್ತಿಗೆ ಹೊರಡುವುದು ಎಂದು ತೀರ್ಮಾನಿಸಿಟ್ಟುಕೊಳ್ಳಿ.

ಜಾರಿದರೆ

ಒಂದು ಲೋಟ ಕುಡಿದವರನ್ನು ಪೂರ್ತಿ ಕೆಡಿಸುವುದು ಹೆಚ್ಚಾಗಿ ಎರಡನೇ ಯೋಚನೆ: ‘ಹೋಗಿದ್ದು ಹೋಯ್ತು, ಇನ್ನೇನು!’ ಇದೂ ಯೋಚನೆಯೇ. ಲೋಟ ಕೆಳಗಿಟ್ಟು ಅಲ್ಲಿಂದ ಏಳಿ, ಮರುದಿನ ಚೀಟಿ ಬರೆಯಿರಿ, ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮನೆಯವರಿಗೊಂದು ಮಾತು. ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವುದು ನಮ್ಮ ಕಡೆ ಇನ್ನೂ ಇದೆ. ಅಂಥ ಮಾತ್ರೆಯಾದ ಡೈಸಲ್ಫಿರಾಮ್ ಹೊಟ್ಟೆಯಲ್ಲಿದ್ದು ಮೇಲೆ ಮದ್ಯ ಬಿದ್ದರೆ ವಾಂತಿ, ಎದೆಬಡಿತ ಶುರುವಾಗಿ ಬಿಪಿ ಕುಸಿಯಬಹುದು, ಸಾವೂ ಆಗಬಹುದು. ಅದನ್ನು ಕೊಡುವುದಿದ್ದರೆ ಅವರ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಸಂಜೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುವ ಬದಲು ‘ಈಗ ಎಷ್ಟಿದೆ?’ ಎಂದು ಕೇಳಿ. ‘ಏಳು’ ಅಂದರೆ ಪಕ್ಕದಲ್ಲಿ ಕೂತು ಮೂರು ನಿಮಿಷ ಬಿಟ್ಟು ಮತ್ತೆ ಕೇಳಿ.