ಸ್ವಭಾವ ಅರಿತು ಮನೋವೈದ್ಯರ ಬಳಿಗೆ ಕರೆದೊಯ್ಯುವ ಬಗೆ

ಮನಸ್ಸಿನ ಕಾಯಿಲೆಗೆ ಯಾರು ಚಿಕಿತ್ಸೆ ಪಡೆಯುತ್ತಾರೆ ಎಂಬುದು ಕಾಯಿಲೆಯ ತೀವ್ರತೆಯಿಂದಷ್ಟೇ ತೀರ್ಮಾನವಾಗುವುದಿಲ್ಲ, ಸ್ವಭಾವಕ್ಕೂ ಅದರಲ್ಲಿ ಪಾಲಿದೆ. ಸ್ವಭಾವವನ್ನು ಅಳೆಯಲು ಮನಶ್ಶಾಸ್ತ್ರದಲ್ಲಿ ಬಳಕೆಯಲ್ಲಿರುವ ಐದು ಗುಣಗಳ (ಕಳವಳ, ಶಿಸ್ತು, ಬೆರೆಯುವಿಕೆ, ಹೊಂದಾಣಿಕೆ, ಹೊಸತಿಗೆ ತೆರೆದ ಮನಸ್ಸು) ಲೆಕ್ಕದಲ್ಲಿ ನೋಡಿದರೆ, ಬೇಗ ಕಳವಳಪಡುವವರು ಚಿಕಿತ್ಸೆಯನ್ನು ಹೆಚ್ಚಾಗಿ ಬಳಸುತ್ತಾರೆ. ಶಿಸ್ತಿನವರು ಕಡಿಮೆ ಬಳಸುತ್ತಾರೆ ಎಂದು ಅಧ್ಯಯನಗಳು ಸಾಮಾನ್ಯವಾಗಿ ಹೇಳುತ್ತವೆ. ಆದರೆ ಕಡಿಮೆ ಬಳಸುವವರಿಗೆಲ್ಲ ಅಗತ್ಯವೂ ಕಡಿಮೆಯೆಂದು ಎಣಿಸಬಾರದು.

ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ಶಿಸ್ತಿನವರ ವಿಷಯದಲ್ಲಿಯೇ. ಶಿರಸಿಯ ಕಡೆಯ ಅಡಿಕೆ ತೋಟಿಗರೊಬ್ಬರು ‘ಕೊನೆಕೊಯ್ಲು ಮುಗಿಯಲಿ, ಆಮೇಲೆ ನೋಡೋಣ’ ಎಂದರೆ, ಆ ‘ಆಮೇಲೆ’ ಚಾಲಿ ಅಡಿಕೆ ಒಣಗಿಸಿ ಸೊಸೈಟಿಗೆ ಹಾಕಿದರೂ ಬರುವುದಿಲ್ಲ. ಅಂಥವರನ್ನು ‘ಬೇಸರವೇ?’ ಎಂದು ಕೇಳಿದರೆ ‘ಎಂಥದ್ದೂ ಇಲ್ಲ’ ಎಂಬ ಉತ್ತರವೇ ಸಿಗುತ್ತದೆ. ಅದರ ಬದಲು ನಿದ್ದೆ ಕೆಟ್ಟಿದೆಯೇ, ಲೆಕ್ಕ ಬರೆಯುವುದು ನಿಂತಿದೆಯೇ, ಎರಡು ವಾರಕ್ಕಿಂತ ಹೆಚ್ಚು ಹೀಗಾಗಿದೆಯೇ ಎಂದು ಕೇಳಿ, ಭೇಟಿಯ ದಿನವನ್ನೂ ಗೊತ್ತುಪಡಿಸಿಬಿಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಯನ್ನು ಏರ್ಪಡಿಸುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಸರದಿ ಎಂದು ಬರುತ್ತದೆಂಬುದನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿಕೊಳ್ಳಿ.

ಕಳವಳದವರ ತೊಂದರೆ ಬೇರೆ. ಎದೆ ಹಿಡಿದಂತಾಗುತ್ತದೆಂದು ಕಾರವಾರ, ಮಣಿಪಾಲ, ಹುಬ್ಬಳ್ಳಿಯೆಂದು ಸುತ್ತಿ ಇಸಿಜಿ ಮಾಡಿಸಿದ್ದನ್ನೇ ಮತ್ತೆ ಮಾಡಿಸುತ್ತಾರೆ. ಈವರೆಗಿನ ಪರೀಕ್ಷೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಸಲವೂ ಅದೇ ಒಬ್ಬ ವೈದ್ಯರನ್ನು ಕಾಣುವುದು ಅವರಿಗೆ ಹಿತ.

ಯಾರಾದರೂ ನೋಡಿಯಾರೆಂದು ಅಳುಕುವ ಮಿತಭಾಷಿಗಳು ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿ ಆರಂಭಿಸಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆ ಉಚಿತವಾಗಿದ್ದು, ಹಗಲಿರುಳೂ ದೊರೆಯುತ್ತದೆ; ಕನ್ನಡದಲ್ಲಿಯೇ ಮಾತನಾಡಬಹುದು. ನಾಲ್ಕು ಜನರೊಡನೆ ಬೆರೆಯುವವರಿಗೆ ಗೆಳೆಯರ ಮಾತೇ ಮದ್ದೆನಿಸುವುದುಂಟು. ಅವರನ್ನು ಆ ಗೆಳೆಯರ ಮೂಲಕವೇ ಒಪ್ಪಿಸುವುದು ಸುಲಭ.

ಕರಾವಳಿಯ ಮೀನುಗಾರರ ಮನೆಗಳಲ್ಲಿ ಸ್ವಭಾವದ ಜೊತೆಗೆ ಕಾಲವನ್ನೂ ನೋಡಬೇಕು. ಖಿನ್ನತೆಯ ಗುಳಿಗೆ ಪರಿಣಾಮ ತೋರಲು ಕೆಲವು ವಾರ ಬೇಕಾಗುವುದರಿಂದ ವೈದ್ಯರನ್ನು ಮತ್ತೆ ಮತ್ತೆ ಕಾಣಬೇಕಾಗುತ್ತದೆ; ಮಳೆಗಾಲದ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಡದಲ್ಲಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮರುಭೇಟಿಗಳು ತಪ್ಪುವುದು ಕಡಿಮೆ. ದೋಣಿಗಳು ಮತ್ತೆ ಕಡಲಿಗಿಳಿಯುವ ಆಗಸ್ಟಿನಲ್ಲಿ, ಗುಣವಾಯಿತೆಂದು ತಾವಾಗಿಯೇ ಗುಳಿಗೆ ಬಿಡದಂತೆ ನೋಡಿಕೊಳ್ಳಿ.

ಸಾಯುವ ಮಾತು ಬಂದಾಗ ಮಾತ್ರ ಈ ಸ್ವಭಾವದ ಲೆಕ್ಕ ಯಾವುದೂ ಬೇಡ, ಮಂಗಳವಾರಕ್ಕೂ ಕಾಯಬೇಡಿ: ತೋಟಕ್ಕೆ ಹೊಡೆಯುವ ಔಷಧಿಗಳು ಕೈಗೆ ಸಿಗದಂತೆ ಬೀಗ ಹಾಕಿ, ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.