ಎಂಡೊಮೆಟ್ರಿಯೋಸಿಸ್ ಶಂಕೆ ಇದ್ದಾಗ ರಕ್ತ ಪರೀಕ್ಷೆಯನ್ನು ಬಳಸಿಕೊಳ್ಳುವ ಬಗೆ

ಎಂಡೊಮೆಟ್ರಿಯೋಸಿಸ್ ಇದೆ ಅಥವಾ ಇಲ್ಲ ಎಂದು ತಾನೊಂದೇ ಖಚಿತವಾಗಿ ಹೇಳಬಲ್ಲ ರಕ್ತ ಪರೀಕ್ಷೆ ದಿನನಿತ್ಯದ ವೈದ್ಯಕೀಯದಲ್ಲಿ ಇನ್ನೂ ಬಳಕೆಗೆ ಬಂದಿಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ, ಕರುಳು, ಮೂತ್ರಕೋಶ ಮುಂತಾದ ಕಡೆಗಳಲ್ಲಿ ಬೆಳೆಯುವ ಈ ಕಾಯಿಲೆ ಗರ್ಭಧಾರಣೆಯ ವಯಸ್ಸಿನ ಸುಮಾರು 10% ಮಹಿಳೆಯರಲ್ಲಿ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೂ ಹಲವರಿಗೆ ರೋಗ ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ನಾರ್ಮಲ್ ಎಂದು ಬಂದ ರಕ್ತದ ವರದಿಯನ್ನೇ ಕೊನೆಯ ಮಾತೆಂದು ನಂಬಿ ಕುಳಿತರೆ ಆ ವಿಳಂಬ ಇನ್ನಷ್ಟು ಬೆಳೆಯುತ್ತದೆ. ಹಾಗೆಂದು ರಕ್ತ ಪರೀಕ್ಷೆ ವ್ಯರ್ಥವಲ್ಲ. ಅದರಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಮೊದಲೇ ತಿಳಿದಿರಬೇಕು, ಅಷ್ಟೆ.

ಲ್ಯಾಬಿಗೆ ಹೋಗುವ ಮೊದಲು ಎರಡು ಮೂರು ತಿಂಗಳ ಟಿಪ್ಪಣಿ ಸಿದ್ಧವಿರಲಿ. ನೋವು ಮುಟ್ಟಿನ ಯಾವ ದಿನ ಆರಂಭವಾಗುತ್ತದೆ, ಮುಟ್ಟು ಮುಗಿದ ಮೇಲೂ ಉಳಿಯುತ್ತದೆಯೇ, ಮಲ ಅಥವಾ ಮೂತ್ರ ವಿಸರ್ಜನೆಯಲ್ಲಿ ಮತ್ತು ಲೈಂಗಿಕ ಸಂಪರ್ಕದ ವೇಳೆ ನೋವಾಗುತ್ತದೆಯೇ, ಗರ್ಭ ನಿಲ್ಲಲು ತೊಂದರೆಯಾಗಿದೆಯೇ, ತಾಯಿ ಅಥವಾ ಅಕ್ಕತಂಗಿಯರಿಗೆ ಈ ಕಾಯಿಲೆ ಇತ್ತೇ ಎಂಬುದನ್ನು ಬರೆದಿಡಿ. ರೋಗನಿರ್ಣಯದಲ್ಲಿ ಈ ಹಾಳೆಯ ತೂಕ ಯಾವ ರಕ್ತದ ವರದಿಗಿಂತಲೂ ಹೆಚ್ಚು ಎಂದೇ ನನ್ನ ಅಭಿಪ್ರಾಯ.

ಈ ಸಂದರ್ಭದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಸಿಎ-125. ಇದು ಕಿಬ್ಬೊಟ್ಟೆಯ ಒಳಪೊರೆ, ಗರ್ಭಕೋಶ ಮುಂತಾದವುಗಳ ಜೀವಕೋಶಗಳು ಸ್ರವಿಸುವ ಒಂದು ಪ್ರೊಟೀನು. ಆ ಭಾಗಗಳು ಕೆರಳಿದಾಗ ರಕ್ತದಲ್ಲಿ ಇದರ ಮಟ್ಟ ಏರುತ್ತದೆ. ಪ್ರತಿ ಮಿಲಿಲೀಟರಿಗೆ 35 ಯೂನಿಟ್‌ಗಳನ್ನು ಸಾಮಾನ್ಯ ಮಿತಿಯೆಂದು ಬಹುತೇಕ ಲ್ಯಾಬುಗಳು ಹಿಡಿಯುತ್ತವೆ. ಕೆರಳಿಕೆಗೆ ಕಾರಣ ಎಂಡೊಮೆಟ್ರಿಯೋಸಿಸ್ ಒಂದೇ ಅಲ್ಲ ಎಂಬಲ್ಲಿಯೇ ತೊಡಕು. ಮುಟ್ಟು, ಗರ್ಭಧಾರಣೆ, ಫೈಬ್ರಾಯ್ಡ್ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಹೊಟ್ಟೆಯ ಕ್ಷಯ, ಯಕೃತ್ತಿನ ಕಾಯಿಲೆ, ಅಂಡಾಶಯದ ಕ್ಯಾನ್ಸರ್ ಇವೆಲ್ಲವೂ ಇದನ್ನು ಏರಿಸಬಲ್ಲವು. ಆದ್ದರಿಂದ ಅಂಕಿ ಹೆಚ್ಚು ಬಂದ ಮಾತ್ರಕ್ಕೆ ಕ್ಯಾನ್ಸರೆಂದು ಹೆದರುವುದೂ ಬೇಡ, ಎಂಡೊಮೆಟ್ರಿಯೋಸಿಸ್ಸೇ ಎಂದು ತೀರ್ಮಾನಿಸುವುದೂ ಬೇಡ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, 30 ಯೂನಿಟ್‌ಗಳನ್ನು ಗೆರೆಯಾಗಿಟ್ಟುಕೊಂಡರೆ ಈ ಪರೀಕ್ಷೆಯ ಸಂವೇದನೆ 52%, ನಿರ್ದಿಷ್ಟತೆ 93%. ಅಂದರೆ ರೋಗವಿರುವ 100 ಮಹಿಳೆಯರಲ್ಲಿ 52 ಮಂದಿಯ ಮಟ್ಟ ಮಾತ್ರ ಆ ಗೆರೆಯನ್ನು ಮುಟ್ಟುತ್ತದೆ, ಉಳಿದ 48 ಮಂದಿಯ ವರದಿ ಏನೂ ಇಲ್ಲವೆಂಬಂತೆ ಬರುತ್ತದೆ. ರೋಗವಿಲ್ಲದ 100 ಮಂದಿಯಲ್ಲಿ ಸುಮಾರು 7 ಮಂದಿಗೆ ಏರಿದ ಅಂಕಿ ಬರುತ್ತದೆ. ಲಕ್ಷಣಗಳಿರುವವರಲ್ಲಿ ಏರಿದ ಅಂಕಿ ಶಂಕೆಯನ್ನು ಬಲಪಡಿಸುತ್ತದೆ, ಆದರೆ ಸಾಮಾನ್ಯ ಅಂಕಿ ಶಂಕೆಯನ್ನು ಅಳಿಸಲಾರದು. ಆರಂಭದ ಹಂತದಲ್ಲಿ ಇದು ಇನ್ನೂ ದುರ್ಬಲ. ಈ ಕಾರಣಕ್ಕೇ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘಟನೆಯು 2022ರ ಮಾರ್ಗಸೂಚಿಯಲ್ಲಿ, ಎಂಡೊಮೆಟ್ರಿಯೋಸಿಸ್ ಪತ್ತೆಗೆ ಸಿಎ-125 ಸೇರಿದಂತೆ ರಕ್ತದ ಸೂಚಕಗಳನ್ನು ಬಳಸಬಾರದೆಂದು ಹೇಳಿದೆ.

ವೈದ್ಯರು ಬೇರೆ ಕಾರಣಕ್ಕೆ, ಉದಾಹರಣೆಗೆ ಅಂಡಾಶಯದಲ್ಲಿ ಗಡ್ಡೆ ಕಂಡಾಗ, ಈ ಪರೀಕ್ಷೆಯನ್ನು ಬರೆದುಕೊಟ್ಟರೆ ಮುಟ್ಟಿನ ದಿನಗಳನ್ನು ಬಿಟ್ಟು ರಕ್ತ ಕೊಡುವುದು ಒಳ್ಳೆಯದು. ಖಾಲಿ ಹೊಟ್ಟೆಯ ಅಗತ್ಯವಿಲ್ಲ. ಹಾರ್ಮೋನ್ ಮಾತ್ರೆಗಳು ಮಟ್ಟವನ್ನು ತಗ್ಗಿಸಬಹುದು, ಹೆಚ್ಚಿನ ಪ್ರಮಾಣದ ಬಯೋಟಿನ್ ಎಂಬ ವಿಟಮಿನ್ ಕೆಲವು ಪರೀಕ್ಷೆಗಳ ಅಂಕಿಗಳನ್ನು ಏರುಪೇರು ಮಾಡಬಹುದು. ಆದ್ದರಿಂದ ತೆಗೆದುಕೊಳ್ಳುತ್ತಿರುವ ಎಲ್ಲವನ್ನೂ ಮುಂಚೆಯೇ ತಿಳಿಸಿ, ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಮತ್ತೊಮ್ಮೆ ಪರೀಕ್ಷಿಸುವುದಾದರೆ ಅದೇ ಲ್ಯಾಬಿನಲ್ಲಿ, ಋತುಚಕ್ರದ ಅದೇ ಅವಧಿಯಲ್ಲಿ ಮಾಡಿಸಿದರೆ ಮಾತ್ರ ಎರಡು ಅಂಕಿಗಳ ಹೋಲಿಕೆಗೆ ಅರ್ಥವಿರುತ್ತದೆ.

ರಕ್ತ ಪರೀಕ್ಷೆ ನಿಜವಾಗಿ ನೆರವಾಗುವುದು ಇದೇ ಬಗೆಯ ನೋವು ತರುವ ಬೇರೆ ಕಾರಣಗಳನ್ನು ಹುಡುಕುವಲ್ಲಿ. ಗರ್ಭ ಗರ್ಭಕೋಶದ ಹೊರಗೆ ನಿಂತಿರಬಹುದೆಂಬ ಅನುಮಾನವಿದ್ದರೆ ಗರ್ಭಧಾರಣೆಯ ಹಾರ್ಮೋನನ್ನು ಅಳೆಯುವ ಎಚ್‌ಸಿಜಿ ಪರೀಕ್ಷೆಯನ್ನು ಮೊದಲು ಮಾಡಬೇಕು. ಅದರಲ್ಲಿ ತಡ ಸಲ್ಲದು. ಬಿಳಿರಕ್ತಕಣಗಳ ಎಣಿಕೆ ಮತ್ತು ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೊಟೀನು ಸೋಂಕಿನ ಸುಳಿವು ನೀಡುತ್ತವೆ. ಅತಿಯಾದ ರಕ್ತಸ್ರಾವವಿದ್ದರೆ ಹಿಮೋಗ್ಲೋಬಿನ್ ಮತ್ತು ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ನೋಡಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿ ಸುಸ್ತು ಕಾಡುವುದುಂಟು.

ವರದಿಗಳು ಏನೇ ಹೇಳಲಿ, ನೋವು ಉಳಿದಿದ್ದರೆ ಮುಂದಿನ ಹೆಜ್ಜೆ ಸ್ತ್ರೀರೋಗ ತಜ್ಞರ ತಪಾಸಣೆ ಮತ್ತು ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಎಂಆರ್‌ಐ. ಅಂಡಾಶಯದ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದಾಗುವ, ಹಳೆಯ ರಕ್ತ ತುಂಬಿದ ಚೀಲ) ಮತ್ತು ಆಳಕ್ಕೆ ಇಳಿದ ಗಾಯಗಳು ನುರಿತವರ ಸ್ಕ್ಯಾನಿನಲ್ಲಿ ಕಾಣುತ್ತವೆ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಕಾಣದೆಯೂ ಹೋಗಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧದಿಂದ ಗುಣ ಕಾಣದಿದ್ದಾಗ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಲ್ಯಾಪರೋಸ್ಕೋಪಿಯ ಮಾತು ಬರುತ್ತದೆ. ಅಂಡಾಶಯದ ಸಿಸ್ಟ್ ತೆಗೆಯುವ ಶಸ್ತ್ರಚಿಕಿತ್ಸೆ ನಿಗದಿಯಾಗಿ, ಮುಂದೆ ಮಕ್ಕಳು ಬೇಕೆಂಬ ಆಸೆಯೂ ಇದ್ದರೆ, ಎಎಂಎಚ್ ಎಂಬ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅದು ರೋಗವನ್ನು ಪತ್ತೆ ಮಾಡುವುದಿಲ್ಲ. ಅಂಡಗಳ ದಾಸ್ತಾನಿನ ಅಂದಾಜು ಕೊಡುತ್ತದೆ. ಶಸ್ತ್ರಚಿಕಿತ್ಸೆಯಿಂದ ಆ ದಾಸ್ತಾನು ಕುಗ್ಗಬಹುದಾದ್ದರಿಂದ ಇದನ್ನು ಮುಂಚೆಯೇ ಮಾಡಿಸಿಕೊಳ್ಳಬೇಕು.